ಸಂಪಾದಕರ ಉತ್ತರ: ಕಿವಿಯ ಊತಕ್ಕಿಂತ ತಲೆಯ ಪೆಟ್ಟು ನೋಡಿ

ಗೋಣಿಕೊಪ್ಪಲಿನ ಅಕ್ಕನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಓದುತ್ತಾ ರಗ್ಬಿ ಆಡುವ ಮಗ ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಬಂದಾಗ ಬಲಗಿವಿ ಊದಿತ್ತು, ಭುಜದ ತುಂಬ ನೀಲಿ ಕಲೆ ಇತ್ತು, ಹೀಗೆ ಮೈಗೆ ಮೈ ಗುದ್ದಿಕೊಂಡು ಆಡಿದರೆ ದೇಹ ಏನಾಗುತ್ತೆ, ಆಟ ಬಿಡಿಸಿಬಿಡಲಾ ಅಂತ ಕೇಳಿದ್ದೀರಿ. ನನಗೆ ಚಿಂತೆ ಹತ್ತಿದ್ದು ಮಾತ್ರ ನೀವು ಕೊನೆಯಲ್ಲಿ ಬರೆದ ಸಾಲು ಓದಿ. ಗದ್ದೆಯಲ್ಲಿ ಕದಿರು ಕೊಯ್ದು ಪದ್ಧತಿಯಂತೆ ಗುಂಡು ಹಾರಿಸಿದಾಗ ಅವನು ಕಿವಿ ಮುಚ್ಚಿಕೊಂಡು ಮನೆಯೊಳಗೆ ಹೋದ, ಮಾರನೇ ದಿನವೆಲ್ಲ ಕಿಟಕಿ ಪರದೆ ಎಳೆದು ಮಲಗಿದ್ದ. ಕೋವಿ ಶಬ್ದ ಕೇಳಿಯೇ ಬೆಳೆದ ಹುಡುಗ ಅಲ್ವಾ ಅವನು? ಅದರ ಹಿಂದಿನ ವಾರವೇ ಪಂದ್ಯದಲ್ಲಿ ತಲೆಗೆ ಯಾರದೋ ಮೊಣಕಾಲು ಬಡಿದು, ಸ್ವಲ್ಪ ಹೊತ್ತು ಕೂತು, ಮತ್ತೆ ಆಡಿದ್ದನಂತೆ.

ಕಿವಿಯದು ಸಣ್ಣ ವಿಷಯ. ಉಜ್ಜಿ ಉಜ್ಜಿ ಚರ್ಮಕ್ಕೂ ಮೃದು ಎಲುಬಿಗೂ ನಡುವೆ ರಕ್ತ ತುಂಬಿರುತ್ತದೆ. ಬೇಗ ತೆಗೆಸಿದರೆ ಸರಿ, ಬಿಟ್ಟರೆ ಗಟ್ಟಿಯಾಗಿ ಹೂಕೋಸಿನ ಹಾಗೆ ಉಳಿದುಬಿಡುತ್ತದೆ. ನೀಲಿ ಕಲೆ ತಾನಾಗಿ ಹೋಗುತ್ತದೆ. ಭುಜ, ಮಂಡಿ, ಎರಡೂ ತಂಡದವರು ತಲೆ ತಗ್ಗಿಸಿ ಎದುರುಬದುರು ತಳ್ಳಾಡುವ ಸ್ಕ್ರಮ್‌ನಲ್ಲಿ ಮುಂದೆ ನಿಂತು ತಳ್ಳುವವರ ಕತ್ತು, ಇವು ವರ್ಷಗಟ್ಟಲೆ ಸವೆಯುತ್ತವೆ, ಅದೂ ನಿಜ.

ತಲೆಯದು ಹಾಗಲ್ಲ. ಬುರುಡೆಯೊಳಗೆ ಮಿದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ಮೈ ಗಕ್ಕನೆ ನಿಂತಾಗ ಅದು ಒಳಗೇ ಅಲುಗಿ ತಿರುಚಿಕೊಳ್ಳುತ್ತದೆ. ಇದೇ ಕನ್‌ಕಶನ್. ಹೊರಗೆ ರಕ್ತವಿಲ್ಲ, ಎಷ್ಟೋ ಸಲ ಪ್ರಜ್ಞೆಯೂ ತಪ್ಪುವುದಿಲ್ಲ. ತಲೆನೋವು, ಬೆಳಕು ಮತ್ತು ಸದ್ದು ತಡೆಯದಿರುವುದು, ಮಂಕು, ಸಿಡುಕು, ಇಷ್ಟೇ ಕಾಣುವುದು. ಟ್ಯಾಕಲ್‌ನಲ್ಲಿ, ಅಂದರೆ ಚೆಂಡು ಹಿಡಿದು ಓಡುವವನನ್ನು ತಡೆದು ಕೆಡವುವಾಗ, ಬೀಳುವವನಿಗಿಂತ ಹಿಡಿಯಲು ಹೋದವನಿಗೇ ಇದು ಜಾಸ್ತಿ, ತಲೆ ತಪ್ಪು ಜಾಗದಲ್ಲಿಟ್ಟು ನುಗ್ಗುತ್ತಾರೆ. ತಲೆಗೆ ಹಾಕುವ ಮೆತ್ತನೆ ಟೋಪಿ ಕಿವಿ ಉಳಿಸುತ್ತದೆ, ಮಿದುಳನ್ನಲ್ಲ.

2003ರಲ್ಲಿ ರಗ್ಬಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಸ್ಟೀವ್ ಥಾಂಪ್ಸನ್ ಇದ್ದರು. 2020ರಲ್ಲಿ, ಇನ್ನೂ 42ರ ವಯಸ್ಸಿನಲ್ಲಿ, ತಲೆಗೆ ಬಿದ್ದ ಪೆಟ್ಟುಗಳಿಂದ ತಮಗೆ ಮರೆವಿನ ಕಾಯಿಲೆ ಬಂದಿದೆ, ಆ ಕಪ್ ಗೆದ್ದದ್ದೇ ನೆನಪಿಲ್ಲ ಅಂತ ಹೇಳಿಕೊಂಡರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಾನೂ ಹಾಕಿ ಆಡಿದವನು. ಪೆಟ್ಟು ಬಿದ್ದರೂ ಎದ್ದು ಆಡಿದವನ ಬೆನ್ನು ತಟ್ಟುವ ಊರು ನಮ್ಮದು. ಮಂಡಿ ತರಚಿದರೆ ಆ ಮಾತು ನಡೆಯುತ್ತದೆ. ತಲೆಗೆ ನಡೆಯುವುದಿಲ್ಲ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದರೆ, ಅದೂ ಎಳೆ ವಯಸ್ಸಿನಲ್ಲಿ, ಮಿದುಳು ಊದಿ ಜೀವವೇ ಹೋಗಬಹುದು.

ಆಟ ಬಿಡಿಸಿ ಅಂತ ನಾನು ಹೇಳುವುದಿಲ್ಲ. ಈಗ ಮೈದಾನಕ್ಕೆ ಇಳಿಸಬೇಡಿ, ಅಷ್ಟೇ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ. ಹವ್ಯಾಸಿ ಆಟಗಾರರು ಪೆಟ್ಟು ಬಿದ್ದು 21 ದಿನ ಆಗುವವರೆಗೆ ಪಂದ್ಯ ಆಡಬಾರದು ಅಂತ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯೇ ಹೇಳುತ್ತದೆ, ಅದೂ ತಲೆನೋವು ಪೂರ್ತಿ ಹೋಗಿದ್ದರೆ ಮಾತ್ರ. ಕೋಚ್ ಕರೆದರೆ ಈ ನಿಯಮ ತೋರಿಸಲಿ. ವಾಂತಿ ಬಂದರೆ, ನೋವು ಏರುತ್ತಾ ಹೋದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನೂ ಇಲ್ಲದಿದ್ದರೂ ಈ ವಾರವೇ ಒಬ್ಬ ವೈದ್ಯರಿಗೆ ತೋರಿಸಿ, ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಂಡದ್ದನ್ನು ಮರೆಯದೆ ಹೇಳಿ. ಆಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.