‘ಆರು ತಿಂಗಳಲ್ಲಿ ನರ್ಸ್ ಆಗ್ಬಹುದಂತೆ ಮೇಡಂ’

ಕೋರ್ಸು, ಕೆಲಸದ ಬಗ್ಗೆ ಸಲಹೆ ಕೇಳಲು ಮಂಗಳೂರಿನ ನನ್ನ ಕೋಣೆಗೆ ಬರುವವರಲ್ಲಿ ಈ ಮಾತು ಹೊತ್ತು ತರುವವರು ಕಡಿಮೆಯೇನಿಲ್ಲ. ಹೆಚ್ಚಿನವರು ಮೂವತ್ತೈದು ದಾಟಿದ ಹೆಂಗಸರು. ಕೈಯಲ್ಲೊಂದು ಬಣ್ಣದ ಜಾಹೀರಾತು ಚೀಟಿ, ಅದರಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡ ಹುಡುಗಿಯ ಫೋಟೋ.

ಸುಮತಿ ಅಂತಿಟ್ಟುಕೊಳ್ಳಿ, ಹೆಸರು ಬದಲಿಸಿದ್ದೇನೆ. ಬಂಟ್ವಾಳ ಕಡೆಯವರು, ವಯಸ್ಸು 37, ಎಸ್ಸೆಸ್ಸೆಲ್ಸಿ ಪಾಸ್. ಹದಿನೆಂಟು ವರ್ಷದಿಂದ ಬೀಡಿ ಕಟ್ಟುತ್ತಾರೆ. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಈಗ ಎಲೆ ಸಿಗುವುದೇ ಕಡಿಮೆ. ಬಳೆ ಅಡವಿಟ್ಟು ಕೋರ್ಸಿನ ಫೀಸು ಕಟ್ಟುವ ಯೋಚನೆ.

ಮೊದಲ ಭೇಟಿಯಲ್ಲೇ ಕಹಿ ಹೇಳಿದೆ. ನರ್ಸ್ ಅಂದರೆ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ಇರುವವರು. ಅದಕ್ಕೆ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಎಎನ್‌ಎಂ ಅನ್ನುವ ಸಹಾಯಕ ನರ್ಸ್ ಕೋರ್ಸ್ 2 ವರ್ಷ. ಎರಡಕ್ಕೂ ಪಿಯುಸಿ ಆಗಿರಬೇಕು, ವಯಸ್ಸು 35 ಮೀರಿರಬಾರದು. ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದದ್ದು ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಮಲಮೂತ್ರಕ್ಕೆ ಬೆಡ್‌ಪ್ಯಾನ್ ಇಡುವುದು, ಗಾಲಿಕುರ್ಚಿ ತಳ್ಳುವುದು. ಒಳ್ಳೆಯ ಕೆಲಸವೇ, ಆದರೆ ನರ್ಸ್ ಕೆಲಸ ಅಲ್ಲ.

ಸುಮತಿ ಏನೂ ಹೇಳದೆ ಎದ್ದು ಹೋದರು. ‘ಅಷ್ಟು ಬೇಗ ಯಾಕೆ ಹೇಳಿದ್ರಿ? ಆಸೆಗೆ ನೀರು ಹೊಯ್ದ ಹಾಗಾಯ್ತು’ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ನರ್ಸ್ ಅಂದುಕೊಂಡು ಸೇರಿ, ವಾರ್ಡಿನಲ್ಲಿ ಬೆಡ್‌ಪ್ಯಾನ್ ಕೈಗೆ ಬಂದ ದಿನವೇ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ಕಟ್ಟಿದ ಫೀಸು ಯಾರೂ ವಾಪಸ್ ಕೊಡಲಿಲ್ಲ.

ಎರಡು ವಾರ ಬಿಟ್ಟು ಅವರೇ ಬಂದರು. ಕೂತವರೇ ಅಂದರು: ‘ಅತ್ತೆ ಎರಡು ವರ್ಷ ಮಲಗಿದಲ್ಲೇ ಇದ್ರು. ನೋಡಿಕೊಂಡದ್ದು ನಾನೇ. ಅದಕ್ಕೆ ಎಂತ ಹೆಸರೂ ಇರ್ಲಿಲ್ಲ, ಸಂಬಳವೂ ಇರ್ಲಿಲ್ಲ. ಇದಕ್ಕೆ ಅಸಿಸ್ಟೆಂಟ್ ಅಂತಾದ್ರೂ ಹೆಸರುಂಟಲ್ಲ ಮೇಡಂ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೇಗೆ ನೋಡಿಕೊಂಡಿರಿ ಅಂತ ಕೇಳಿದೆ. ಕುರ್ಚಿಯ ದಿಂಬನ್ನು ಮೇಜಿನ ಮೇಲೆ ಮಲಗಿಸಿ ತೋರಿಸಿದರು. ಒಂದು ಕೈ ಭುಜದ ಅಡಿಗೆ, ಇನ್ನೊಂದು ಸೊಂಟದ ಅಡಿಗೆ. ಎಳೆಯಬಾರದು, ಎಳೆದರೆ ಚರ್ಮ ಕಿತ್ತು ಬರುತ್ತದೆ, ಹೊರಳಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಇದನ್ನೆಲ್ಲ ಆಸ್ಪತ್ರೆಯ ಆಯಾ ಒಬ್ಬರು ಹೇಳಿಕೊಟ್ಟದ್ದಂತೆ. ದಿಂಬು ಹೊರಳಿಸುವಾಗ ಸುಮ್ನೆ ‘ನಿಧಾನ, ನಿಧಾನ’ ಅನ್ನುತ್ತಿದ್ದರು. ಯಾರಿಗೋ ಏನೋ.

ಹೆಬ್ಬೆರಳಿನ ಉಗುರು ಮಾತ್ರ ಉದ್ದ ಇತ್ತು. ಬೀಡಿಯ ತುದಿ ಮಡಚಲಿಕ್ಕೆ. ವಾರ್ಡಿನಲ್ಲಿ ಅದನ್ನು ಬಿಡಲಿಕ್ಕಿಲ್ಲ ಅಂದೆ. ‘ಕತ್ತರಿಸಿದ್ರೆ ಆ ದಿನದಿಂದ ಬೀಡಿ ಇಲ್ಲ’ ಅಂದು ನಕ್ಕರು. ಲೆಕ್ಕ ಶುರುವಾದದ್ದು ಅಲ್ಲಿಂದಲೇ. ತರಬೇತಿಯ ತಿಂಗಳುಗಳಲ್ಲಿ ಬೀಡಿಯ ದುಡ್ಡಿಲ್ಲದೆ ಮನೆ ಹೇಗೆ ನಡೆಯುತ್ತದೆ? ಫೀಸಿಗಿಂತ ದೊಡ್ಡ ಪ್ರಶ್ನೆ ಅದು. ಯಾವ ಚೀಟಿಯೂ ಅದನ್ನು ಹೇಳುವುದಿಲ್ಲ.

ಕೊನೆಗೆ ನಾನು ಹೇಳಿದ್ದು ಇಷ್ಟು. ಬಳೆ ಅಡವಿಡಬೇಡಿ. ಕೇಂದ್ರ ಸರ್ಕಾರದ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ತರಬೇತಿಗೆ ಕಲಿಯುವವರು ಫೀಸು ಕೊಡಬೇಕಾಗಿಲ್ಲ, ಅಂಥ ಬ್ಯಾಚ್ ಇದೆಯಾ ವಿಚಾರಿಸಿ. ಸರ್ಟಿಫಿಕೇಟ್ ಕೊಡುವವರು ಯಾರು, ಆಸ್ಪತ್ರೆಯಲ್ಲಿ ಎಷ್ಟು ದಿನ ನಿಲ್ಲಿಸುತ್ತಾರೆ, ಯಾವ ಆಸ್ಪತ್ರೆ, ಇಷ್ಟನ್ನು ಬರೆದು ಕೊಡಿ ಅಂತ ಕೇಳಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಯಾರ ಕೈಗೂ ಕೊಡಬೇಡಿ. ರೋಗಿಯ ರಕ್ತದಿಂದ ತಗಲಬಹುದಾದ ಹೆಪಟೈಟಿಸ್ ಬಿ ಕಾಯಿಲೆಯ ಲಸಿಕೆ ಈಗಲೇ ಶುರು ಮಾಡಿ: ಇವತ್ತೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಮತ್ತೊಂದು. ಹದಿನೆಂಟು ವರ್ಷ ಕೂತು ಮಾಡಿದ ಸೊಂಟ, ಇದು ದಿನವಿಡೀ ನಿಂತು ಮಾಡುವ ಕೆಲಸ. ಅದನ್ನೂ ಡಾಕ್ಟರಿಗೆ ತೋರಿಸಿ.

ಬರೆದು ಕೊಡಿ ಅಂದದ್ದಕ್ಕೆ ಚೀಟಿಯವರು ‘ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?’ ಅಂದರಂತೆ. ಸುಮತಿ ಬೇರೆ ಕಡೆ ಫೀಸಿಲ್ಲದ ಬ್ಯಾಚಿಗೆ ಹೆಸರು ಕೊಟ್ಟಿದ್ದಾರೆ. ಲಸಿಕೆಯ ಮೊದಲ ಡೋಸ್ ಆಗಿದೆ. ಉಗುರು ಇನ್ನೂ ಕತ್ತರಿಸಿಲ್ಲ. ರಾತ್ರಿ ಪಾಳಿಯ ವಿಷಯ ಗಂಡನ ಹತ್ತಿರ ಎತ್ತಿಯೂ ಇಲ್ಲವಂತೆ.