ಉಪಗ್ರಹ ಎಲ್ಲಿ ಬೀಳುತ್ತದೆ ಎಂದು ಮೊದಲೇ ಯಾಕೆ ಹೇಳಲು ಆಗುವುದಿಲ್ಲ?

ಪ್ರಶ್ನೆ: ಹಳೇ ಉಪಗ್ರಹವೋ ರಾಕೆಟ್ ತುಂಡೋ ಭೂಮಿಗೆ ಬೀಳುತ್ತಿದೆ ಎಂಬ ಸುದ್ದಿ ಆಗಾಗ ಬರುತ್ತದೆ. 'ನಾಳೆಯೋ ನಾಡಿದ್ದೋ, ಎಲ್ಲಿ ಬೇಕಾದರೂ ಬೀಳಬಹುದು' ಎನ್ನುತ್ತಾರೆ. ಗ್ರಹಣದ ಹೊತ್ತನ್ನು ನೂರು ವರ್ಷ ಮೊದಲೇ ಹೇಳುವ ವಿಜ್ಞಾನಿಗಳು ಇಲ್ಲಿ ಮಾತ್ರ ಯಾಕೆ ಅಡ್ಡಗೋಡೆ ಮೇಲೆ ದೀಪ ಇಡುತ್ತಾರೆ? ಏನಾದರೂ ಮುಚ್ಚಿಡುತ್ತಾರಾ?

ಉತ್ತರ: ಮುಚ್ಚಿಡುವಂಥದ್ದು ಏನೂ ಇಲ್ಲ. ನೀವು ಗ್ರಹಣದ ಮಾತು ಎತ್ತಿದ್ದು ಒಳ್ಳೆಯದಾಯಿತು. ಚಂದ್ರ ಸುತ್ತುವ ಜಾಗದಲ್ಲಿ ಗಾಳಿ ಇಲ್ಲ, ಅವನನ್ನು ತಡೆಯುವವರೂ ಇಲ್ಲ. ಹಾಗಾಗಿ ಲೆಕ್ಕ ಕರಾರುವಾಕ್ಕಾಗಿ ಬರುತ್ತದೆ. ಭೂಮಿಯಿಂದ 200, 300, 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವಿನ ಕಥೆ ಬೇರೆ. ಅಲ್ಲಿ ಇನ್ನೂ ಒಂಚೂರು ಗಾಳಿ ಇದೆ. ನಾವು ಉಸಿರಾಡಲು ಸಾಲದಷ್ಟು ತೆಳು. ಆದರೆ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ಓಡುವ ವಸ್ತುವಿಗೆ ಆ ತೆಳು ಗಾಳಿಯೂ ಬ್ರೇಕು. ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ಕಳೆದುಕೊಂಡು ಅದು ಕೆಳಗಿಳಿಯುತ್ತದೆ. ಕೆಳಗಿಳಿದಷ್ಟೂ ಗಾಳಿ ದಟ್ಟವಾಗುತ್ತದೆ, ಬ್ರೇಕು ಇನ್ನೂ ಬಿಗಿಯಾಗುತ್ತದೆ.

ತೊಂದರೆ ಏನೆಂದರೆ, ಆ ಗಾಳಿ ದಿನಾ ಒಂದೇ ಥರ ಇರುವುದಿಲ್ಲ. ಸೂರ್ಯ ಕೆರಳಿದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ. ಮೊನ್ನೆ ತೆಳುವಾಗಿದ್ದ ಎತ್ತರದಲ್ಲಿ ಇವತ್ತು ಗಾಳಿ ಜಾಸ್ತಿಯಾಗಿರುತ್ತದೆ. 2022ರ ಫೆಬ್ರವರಿಯಲ್ಲಿ ನಡೆದದ್ದು ಇದಕ್ಕೆ ಒಳ್ಳೆ ಉದಾಹರಣೆ. 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿ, ಮೊದಲಿಗೆ ಸುಮಾರು 210 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿದ್ದರು. ಅದೇ ಹೊತ್ತಿಗೆ ಸೂರ್ಯನಿಂದ ಎದ್ದ ಕಾಂತ ಬಿರುಗಾಳಿ ಭೂಮಿಗೆ ಬಡಿಯಿತು. ಅದೇನೂ ಭಾರೀ ಬಿರುಗಾಳಿಯಲ್ಲ. ಆದರೂ ಗಾಳಿಯ ತಡೆ ಏರಿ, 38 ಉಪಗ್ರಹಗಳು ಮೇಲೇರಲಾಗದೆ ಕೆಲವೇ ದಿನಗಳಲ್ಲಿ ಬಿದ್ದು ಸುಟ್ಟುಹೋದವು. ಇನ್ನೂ ಜೀವಂತ ಇದ್ದ, ಎಂಜಿನ್ ಇದ್ದ ಹೊಸ ಉಪಗ್ರಹಗಳ ಗತಿಯೇ ಹೀಗೆ. ಇನ್ನು ಸತ್ತು ಬಿದ್ದಿರುವ ರಾಕೆಟ್ ತುಂಡು ಏನು ಮಾಡೀತು?

ಅದರ ಮೇಲೆ ಆ ತುಂಡು ಸುಮ್ನೆ ಇರುವುದಿಲ್ಲ, ಪಲ್ಟಿ ಹೊಡೆಯುತ್ತಾ ಬರುತ್ತದೆ. ಮೂತಿ ಮುಂದಾದರೆ ಗಾಳಿಯ ತಡೆ ಕಡಿಮೆ, ಅಡ್ಡಲಾದರೆ ಜಾಸ್ತಿ.

ಹಾಗಾಗಿ ಈ ಕೆಲಸ ಮಾಡುವವರು ಒಂದು ಒರಟು ಲೆಕ್ಕ ಇಟ್ಟುಕೊಂಡಿರುತ್ತಾರೆ. ಬೀಳಲು ಎಷ್ಟು ಸಮಯ ಬಾಕಿಯಿದೆಯೋ ಅದರ ಸುಮಾರು ಶೇ 20ರಷ್ಟು ಆಚೀಚೆ ಆಗಬಹುದು ಎಂದು. ಹತ್ತು ದಿನ ಬಾಕಿ ಇದ್ದರೆ ಎರಡು ದಿನ ಹಿಂದೆಮುಂದೆ. ಐದು ಗಂಟೆ ಬಾಕಿ ಇದ್ದರೆ ಒಂದು ಗಂಟೆ ಹಿಂದೆಮುಂದೆ. ಒಂದು ಗಂಟೆ ತಾನೇ ಅನ್ನಿಸುತ್ತದೆ, ಅಲ್ವಾ? ಆ ಒಂದು ಗಂಟೆಯಲ್ಲಿ ಅದು 28 ಸಾವಿರ ಕಿಲೋಮೀಟರ್ ಓಡುತ್ತದೆ. ಭೂಮಿಯ ಸುತ್ತಳತೆಯೇ 40 ಸಾವಿರ. ಒಂದೇ ಒಂದು ನಿಮಿಷ ತಪ್ಪಿದರೂ ಬೀಳುವ ಜಾಗ 450 ಕಿಲೋಮೀಟರಿಗಿಂತ ಆಚೆ ಹೋಗುತ್ತದೆ. ಊರಿನ ಹೆಸರು ಹೇಳುವುದು ಹಾಗಿರಲಿ, ಎಷ್ಟೋ ಸಲ ಖಂಡದ ಹೆಸರು ಹೇಳುವುದೂ ಕಷ್ಟ.

ಆದರೆ ಎಲ್ಲಿ ಬೀಳುವುದಿಲ್ಲ ಎಂದು ಖಚಿತವಾಗಿ ಹೇಳಬಹುದು. ಸುದ್ದಿಯಲ್ಲಿ ಬಹಳ ಸಲ ಬಿಟ್ಟುಹೋಗುವ ವಿಷಯ ಇದು. ಸಮಭಾಜಕಕ್ಕೆ 43 ಡಿಗ್ರಿ ಓರೆಯಾಗಿ ಸುತ್ತುವ ವಸ್ತು 43 ಡಿಗ್ರಿ ಉತ್ತರ ಅಕ್ಷಾಂಶದಿಂದ 43 ಡಿಗ್ರಿ ದಕ್ಷಿಣದವರೆಗಿನ ಪಟ್ಟಿಯೊಳಗೇ ಬೀಳಬೇಕು. 2018ರ ಏಪ್ರಿಲ್‌ನಲ್ಲಿ ಬಿದ್ದ ಚೀನಾದ ತಿಯಾಂಗಾಂಗ್-1 ನಿಲ್ದಾಣ ಇಂಥದ್ದೇ. ಆ ಪಟ್ಟಿಯ ಆಚೆ ಇರುವವರು ಮೊದಲ ದಿನದಿಂದಲೂ ನಿಶ್ಚಿಂತೆಯಿಂದ ಇರಬಹುದಿತ್ತು. ಕೊನೆಗೆ ಅದು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಬಿತ್ತು.

ಪ್ರಶ್ನೆ: ಎಲ್ಲವೂ ಗಾಳಿಯಲ್ಲೇ ಸುಟ್ಟು ಬೂದಿಯಾಗುತ್ತದೆ ಎಂದು ಓದಿದ್ದೆ. ಹಾಗಿದ್ದರೆ ಗುಂಡು, ಬಳೆ, ತಟ್ಟೆ ಥರದ ಲೋಹದ ತುಂಡುಗಳು ಹೊಲಗಳಲ್ಲಿ ಹೇಗೆ ಸಿಗುತ್ತವೆ?

ಉತ್ತರ: 'ಎಲ್ಲವೂ' ಎಂಬ ಮಾತು ಸಣ್ಣ ಉಪಗ್ರಹಗಳಿಗೆ ಹೆಚ್ಚುಕಡಿಮೆ ಸರಿ. ದೊಡ್ಡವಕ್ಕೆ ಸರಿಯಲ್ಲ. ಅಂಥವುಗಳ ತೂಕದಲ್ಲಿ ಶೇ 10ರಿಂದ 40ರಷ್ಟು ನೆಲ ಮುಟ್ಟಬಹುದು.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ನೋಡಿ. ಗಾಳಿ ಉಜ್ಜಿ ಬಿಸಿಯಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನಿಜವಾಗಿ ನಡೆಯುವುದು ಒತ್ತಡದ ಆಟ. ಅಷ್ಟು ವೇಗದಲ್ಲಿ ನುಗ್ಗುವ ವಸ್ತುವಿನ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲ. ಅದು ಅಲ್ಲೇ ಒತ್ತಿ ಒತ್ತಿ ಸಾವಿರಾರು ಡಿಗ್ರಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಕಾರಣ.

ಮೊದಲು ಸೌರಫಲಕಗಳು ಕಿತ್ತುಹೋಗುತ್ತವೆ. ಸುಮಾರು 80 ಕಿಲೋಮೀಟರ್ ಎತ್ತರಕ್ಕೆ ಬರುವಾಗ ಮೈಯೇ ಒಡೆದು ಚೂರಾಗುತ್ತದೆ. ಹೊರಮೈಯ ಅಲ್ಯೂಮಿನಿಯಂ 660 ಡಿಗ್ರಿಗೆಲ್ಲ ಕರಗುತ್ತದೆ, ಹಾಗಾಗಿ ಅದು ಉಳಿಯುವುದು ಅಪರೂಪ. ಒಳಗೆ ಅವಿತಿದ್ದ ಟೈಟಾನಿಯಂ ಟ್ಯಾಂಕು ಕರಗಲು 1,660 ಡಿಗ್ರಿಗೂ ಮೇಲೆ ಬೇಕು. ಅದರ ಆಕಾರವೂ ಗುಂಡಗೆ, ಒಳಗೆ ಟೊಳ್ಳು. ಗಾಳಿ ಅದನ್ನು ಬೇಗ ನಿಧಾನಗೊಳಿಸುತ್ತದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ. ಅದಕ್ಕೇ ಹೊಲದಲ್ಲಿ ಗುಂಡುಗಳೇ ಜಾಸ್ತಿ ಸಿಗುವುದು. ಕೆಲವು ಟ್ಯಾಂಕುಗಳಿಗೆ ಕಾರ್ಬನ್ ನಾರು ಸುತ್ತಿರುತ್ತಾರೆ. ಬಿದ್ದ ಮೇಲೆ ನೋಡಿದರೆ ಕಪ್ಪು ದಾರದ ಉಂಡೆ ಅರ್ಧ ಬಿಚ್ಚಿಕೊಂಡ ಹಾಗೆ ಕಾಣುತ್ತದೆ. ಬಳೆಯಂಥ ವಸ್ತುಗಳು ಸಾಮಾನ್ಯವಾಗಿ ರಾಕೆಟ್ ಹಂತಗಳ, ಅಂದರೆ ಇಂಧನ ಮುಗಿದಂತೆ ಒಂದೊಂದಾಗಿ ಕಳಚಿಕೊಳ್ಳುವ ಭಾಗಗಳ, ಜೋಡಣೆಯ ಉಂಗುರಗಳು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಬಿದ್ದದ್ದು ಇಂಥದೇ ಉಂಗುರ, ಸುಮಾರು ಮೂರು ಮೀಟರ್ ಅಗಲ. ಅದೇ ರಾತ್ರಿ ಆ ದಾರಿಯಲ್ಲಿ ಬೀಳಬೇಕಿದ್ದದ್ದು ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಒಂದು ಹಂತ.

ಕೊನೆಯ ಕೆಲವು ನಿಮಿಷ ಈ ತುಂಡುಗಳು ಉರಿಯುತ್ತಿರುವುದಿಲ್ಲ. ಕತ್ತಲಲ್ಲಿ, ಬೆಳಕಿಲ್ಲದೆ, ಮೇಲಿಂದ ಕೈಬಿಟ್ಟ ಕಲ್ಲಿನ ಹಾಗೆ ಬೀಳುತ್ತವೆ. ಭಾರದವು ದಾರಿಯಲ್ಲಿ ಮುಂದೆ ಹೋಗಿ ಬೀಳುತ್ತವೆ, ಹಗುರದವು ಹಿಂದೆ ಉಳಿಯುತ್ತವೆ. ಒಂದೇ ಉಪಗ್ರಹದ ಚೂರುಗಳು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡುವುದು ಹೀಗೆ.

ಪ್ರಶ್ನೆ: ಯಾರ ತಲೆ ಮೇಲಾದರೂ ಬಿದ್ದದ್ದಿದೆಯಾ?

ಉತ್ತರ: ಭುಜದ ಮೇಲೆ ಬಿದ್ದದ್ದಿದೆ. 1997ರ ಜನವರಿ 22ರ ಬೆಳಗಿನ ಜಾವ ಅಮೆರಿಕದ ಟಲ್ಸಾದಲ್ಲಿ ಒಬ್ಬ ಮಹಿಳೆ ಪಾರ್ಕಿನಲ್ಲಿ ನಡೆಯುತ್ತಿದ್ದರು. ಆಕಾಶದಲ್ಲಿ ದೊಡ್ಡ ಬೆಳಕು ಹಾದುಹೋದದ್ದನ್ನು ನೋಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಭುಜ ತಟ್ಟಿದ ಹಾಗಾಯಿತು. ನೋಡಿದರೆ ಅಂಗೈಯಗಲದ, ಸುಟ್ಟು ಕಪ್ಪಾದ, ನೇಯ್ದ ಬಟ್ಟೆಯಂಥ ಹಗುರ ತುಂಡು. ಅದು ಡೆಲ್ಟಾ-2 ರಾಕೆಟ್ಟಿನದು. ಅವರಿಗೆ ಏನೂ ಆಗಲಿಲ್ಲ. ಅದೇ ರಾಕೆಟ್ಟಿನ ಸುಮಾರು 250 ಕಿಲೋ ತೂಕದ ಟ್ಯಾಂಕು ಟೆಕ್ಸಾಸ್‌ನಲ್ಲಿ ಬಿತ್ತು. ಹಗುರದ ತುಂಡು ಹಿಂದೆ, ಭಾರದ್ದು ಮುಂದೆ ಎಂದೆನಲ್ಲ, ಅದು ಇಲ್ಲೇ ಕಾಣುತ್ತದೆ.

ಭೂಮಿಯ ಶೇ 71 ಭಾಗ ನೀರು. ಉಳಿದ ನೆಲದಲ್ಲೂ ಮರುಭೂಮಿ, ಕಾಡು, ಹಿಮವೇ ಜಾಸ್ತಿ. ಹಾಗಾಗಿ ನಿಮಗೋ ನನಗೋ ಬಡಿಯುವ ಸಾಧ್ಯತೆ ನಿಜಕ್ಕೂ ಅತಿ ಕಡಿಮೆ. ಈ ಭಯದಲ್ಲಿ ಯಾರೂ ನಿದ್ದೆಗೆಡಬೇಕಿಲ್ಲ.

ಆದರೆ 'ಸಾಧ್ಯತೆ ಕಡಿಮೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. 2021ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹಳೇ ಬ್ಯಾಟರಿಗಳ ಒಂದು ಹೊರೆಯನ್ನು ಹೊರಗೆ ಬಿಟ್ಟರು. ತೂಕ ಎರಡೂವರೆ ಟನ್ನಿಗೂ ಜಾಸ್ತಿ. ತಾನಾಗಿ ಕೆಳಗಿಳಿದು ಪೂರ್ತಿ ಸುಟ್ಟುಹೋಗುತ್ತದೆ ಎಂಬುದು ನಾಸಾದ ಲೆಕ್ಕವಾಗಿತ್ತು. ಮೂರು ವರ್ಷದ ನಂತರ, 2024ರ ಮಾರ್ಚ್ 8ರಂದು, ಅದರ ಒಂದು ತುಂಡು ಫ್ಲಾರಿಡಾದ ನೇಪಲ್ಸ್‌ನಲ್ಲಿ ಒಂದು ಮನೆಯ ಚಾವಣಿ ತೂತು ಮಾಡಿ ಒಳಗೆ ಬಿತ್ತು. 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ದಪ್ಪ, ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು. ಇಂಕೊನೆಲ್ ಎಂಬ ಗಟ್ಟಿ ಮಿಶ್ರಲೋಹದ್ದು. ಆಗ ಮನೆಯಲ್ಲಿ ಆ ಕುಟುಂಬದ ಮಗ ಇದ್ದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಲೆಕ್ಕದ ಪ್ರಕಾರ ಉಳಿಯಲೇಬಾರದಿದ್ದ ತುಂಡು ಅದು.

ಬಡಿಯದೆಯೂ ತೊಂದರೆ ಕೊಡುತ್ತವೆ. 2022ರ ನವೆಂಬರ್ 4ರಂದು ಲಾಂಗ್ ಮಾರ್ಚ್ 5ಬಿ ರಾಕೆಟ್ಟಿನ 20 ಟನ್ನಿಗೂ ಮೇಲಿನ ಹಂತ ಬೀಳುವಾಗ, ತಮ್ಮ ಮೇಲೆ ಹಾದುಹೋಗುತ್ತದೆ ಎಂದು ಸ್ಪೇನ್ ತನ್ನ ಆಕಾಶದ ಒಂದು ಭಾಗವನ್ನು ಸ್ವಲ್ಪ ಹೊತ್ತು ಮುಚ್ಚಿತು. ನೂರಾರು ವಿಮಾನಗಳು ತಡವಾದವು. ತುಂಡು ಬಿದ್ದದ್ದು ಪೆಸಿಫಿಕ್ ಸಾಗರದಲ್ಲಿ.

ಪ್ರಶ್ನೆ: ರಾತ್ರಿ ಆಕಾಶದಲ್ಲಿ ಉರಿಯುತ್ತಾ ಹೋಗುವುದು ಉಲ್ಕೆಯೋ ಉಪಗ್ರಹದ ತುಂಡೋ ಎಂದು ಬರಿಗಣ್ಣಿಗೆ ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುತ್ತದೆ. ಉಲ್ಕೆ ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. 'ಅಗೋ ನೋಡು' ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಕಸದ ತುಂಡು ನಿಧಾನ. ಆಕಾಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಧ ನಿಮಿಷ, ಒಂದು ನಿಮಿಷ ಸಾಗುತ್ತದೆ. ಒಂದೇ ಬೆಳಕು ಹತ್ತಾರು ಬೆಳಕಾಗಿ ಒಡೆದು, ಸಾಲಾಗಿ, ಬಾಲ ಬಿಟ್ಟುಕೊಂಡು ಹೋಗುತ್ತದೆ. ಮೊಬೈಲ್ ತೆಗೆದು ವಿಡಿಯೊ ಮಾಡುವಷ್ಟು ಪುರುಸೊತ್ತು ಸಿಕ್ಕಿತು ಎಂದರೆ ಅದು ಬಹುಮಟ್ಟಿಗೆ ಮನುಷ್ಯರು ಮಾಡಿದ ವಸ್ತುವೇ.

ಪ್ರಶ್ನೆ: ನಮ್ಮ ಜಮೀನಿನಲ್ಲಿ ಬಿದ್ದರೆ ಅದು ನಮ್ಮದಾ? ನಷ್ಟವಾದರೆ ಯಾರು ಕಟ್ಟಿಕೊಡುತ್ತಾರೆ?

ಉತ್ತರ: ಮೊದಲ ಮಾತು, ಮುಟ್ಟಬೇಡಿ. ಟ್ಯಾಂಕಿನಲ್ಲಿ ಹೈಡ್ರಜೀನ್ ಎಂಬ ಇಂಧನ ಉಳಿದಿರಬಹುದು. ಅದು ಕಟು ವಿಷ, ಮೈಗೆ ತಾಗಿದರೂ ಉಸಿರಿಗೆ ಹೋದರೂ ಅಪಾಯ. ಒತ್ತಡ ಉಳಿದಿರುವ ಟ್ಯಾಂಕು ಒಡೆಯಲೂಬಹುದು. ಮಕ್ಕಳನ್ನೂ ದನಕರುಗಳನ್ನೂ ದೂರ ಇಡಿ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹಿಂದೆ ಸರಿದು ಪೊಲೀಸರಿಗೆ ತಿಳಿಸಿ. ದೂರದಿಂದ ಫೋಟೊ ತೆಗೆದರೆ ಸಾಕು.

ಅದು ನಿಮ್ಮದಾಗುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಎಲ್ಲಿ ಬಿದ್ದರೂ ಒಡೆತನ ಬದಲಾಗುವುದಿಲ್ಲ. ಹಾರಿಸಿದ ದೇಶದವರು ಕೇಳಿದರೆ ಹಿಂದಿರುಗಿಸಬೇಕು. ನಷ್ಟದ ಹೊಣೆ 1972ರ ಒಪ್ಪಂದದಲ್ಲಿದೆ. ನೆಲದ ಮೇಲೆ ಆದ ಹಾನಿಗೆ ಹಾರಿಸಿದ ದೇಶವೇ ಪೂರ್ತಿ ಹೊಣೆ. ಅವರ ತಪ್ಪಿತ್ತು ಎಂದು ಸಾಬೀತು ಮಾಡುವ ಅಗತ್ಯವೂ ಇಲ್ಲ. ಇದು ದೇಶ ದೇಶಗಳ ನಡುವಿನ ಒಪ್ಪಂದ, ಹಾಗಾಗಿ ನಿಮ್ಮ ಪರವಾಗಿ ನಿಮ್ಮ ಸರ್ಕಾರ ಕೇಳಬೇಕು.

ಹೀಗೆ ಕೇಳಿದ್ದು ಕೆನಡಾ. 1978ರ ಜನವರಿ 24ರಂದು ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಉಪಗ್ರಹ ಕೆನಡಾದ ಉತ್ತರ ಭಾಗದಲ್ಲಿ ಬಿತ್ತು. ಅದರೊಳಗೆ ಪರಮಾಣು ರಿಯಾಕ್ಟರ್ ಇತ್ತು. ವಿಕಿರಣ ಸೂಸುವ ಚೂರುಗಳು ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಹಿಮದ ಮೇಲೆ ಹರಡಿದವು. ಕೊರೆಯುವ ಚಳಿಯಲ್ಲಿ ತಿಂಗಳುಗಟ್ಟಲೆ ಹುಡುಕಿದರು. ಕೆನಡಾ ತನ್ನ 60 ಲಕ್ಷ ಡಾಲರಿಗೂ ಹೆಚ್ಚಿನ ಖರ್ಚು ಕೇಳಿತು. 1981ರಲ್ಲಿ ಕೈಗೆ ಬಂದದ್ದು 30 ಲಕ್ಷ ಕೆನಡಿಯನ್ ಡಾಲರ್.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದ ಮೇಲೆ ಎಲ್ಲವನ್ನೂ ಸಮುದ್ರಕ್ಕೇ ಇಳಿಸಬಾರದಾ?

ಉತ್ತರ: ಇಳಿಸಬಹುದು. ಅದಕ್ಕೆ ಕೊನೆಯ ದಿನದವರೆಗೂ ಎರಡು ವಿಷಯ ಉಳಿದಿರಬೇಕು: ಟ್ಯಾಂಕಿನಲ್ಲಿ ಇಂಧನ, ನಮ್ಮ ಮಾತು ಕೇಳುವ ಎಂಜಿನ್. ಆಗ ಗಾಳಿ ಕೆಳಗೆಳೆಯಲಿ ಎಂದು ಕಾಯಬೇಕಿಲ್ಲ. ಸರಿಯಾದ ಜಾಗದಲ್ಲಿ ಬ್ರೇಕ್ ಹೊಡೆದು, ಅರ್ಧ ಸುತ್ತಿನೊಳಗೆ ಕೆಳಗಿಳಿಸಬಹುದು. ರಷ್ಯಾದ ಮಿರ್ ನಿಲ್ದಾಣವನ್ನು 2001ರ ಮಾರ್ಚ್ 23ರಂದು ದಕ್ಷಿಣ ಪೆಸಿಫಿಕ್‌ಗೆ ಇಳಿಸಿದ್ದು ಹೀಗೆಯೇ.

ನನಗೆ ಬಹಳ ಇಷ್ಟವಾದ ಉದಾಹರಣೆ ಮೇಘಾ-ಟ್ರಾಪಿಕ್ಸ್-1. ಇಸ್ರೋ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಹವಾಮಾನದ ಉಪಗ್ರಹ. ಸುಮಾರು 1,000 ಕಿಲೋ ತೂಕ, 860 ಕಿಲೋಮೀಟರಿಗೂ ಮೇಲಿನ ಎತ್ತರ. ಅಷ್ಟು ಎತ್ತರದಲ್ಲಿ ಬಿಟ್ಟರೆ ನೂರು ವರ್ಷ ಕಳೆದರೂ ಬೀಳುತ್ತಿರಲಿಲ್ಲ, ಬೇರೆ ಉಪಗ್ರಹಗಳಿಗೆ ಅಡ್ಡ ಬರುತ್ತಿತ್ತು. ಹೀಗೆ ಇಳಿಸಬೇಕೆಂದು ಅದನ್ನು ಕಟ್ಟಿರಲೂ ಇಲ್ಲ. ಆದರೆ ಟ್ಯಾಂಕಿನಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು. 2022ರ ಆಗಸ್ಟ್‌ನಿಂದ ಸಣ್ಣ ಸಣ್ಣ ತಳ್ಳಾಟಗಳಲ್ಲಿ ಮೆಟ್ಟಿಲಿಳಿಸಿದ ಹಾಗೆ ಕೆಳಗೆ ತಂದರು. 2023ರ ಮಾರ್ಚ್ 7ರಂದು ಕೊನೆಯ ಬ್ರೇಕ್ ಕೊಟ್ಟು, ಮೊದಲೇ ಗುರುತು ಮಾಡಿದ್ದ ಪೆಸಿಫಿಕ್‌ನ ಜನರಿಲ್ಲದ ಭಾಗದ ಮೇಲೆ ಬೀಳಿಸಿದರು. ವಯಸ್ಸಾದ, ಈ ಕೆಲಸಕ್ಕೆ ಕಟ್ಟಿರದ ಉಪಗ್ರಹದಲ್ಲಿ ಇದು ಸಾಧ್ಯವಾಯಿತು ಎಂದ ಮೇಲೆ, 20 ಟನ್ನಿನ ರಾಕೆಟ್ ಹಂತವನ್ನು 'ಎಲ್ಲಾದರೂ ಬೀಳಲಿ' ಎಂದು ಬಿಡುವುದಕ್ಕೆ ನೆಪ ಉಳಿಯುವುದಿಲ್ಲ. ಇಂಧನ ಉಳಿಸಿಕೊಂಡರೆ ಅಷ್ಟು ಸಾಮಾನು ಕಡಿಮೆ ಒಯ್ಯಬೇಕಾಗುತ್ತದೆ. ಆ ನಷ್ಟವನ್ನು ಹಾರಿಸುವವರೇ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ಸಣ್ಣ ಉಪಗ್ರಹಗಳಿಗೆ ಬೇರೆ ದಾರಿಯಿದೆ. ಪೂರ್ತಿ ಕರಗಿಹೋಗುವ ಹಾಗೆ ಕಟ್ಟುವುದು, ಟೈಟಾನಿಯಂ ಬದಲು ಅಲ್ಯೂಮಿನಿಯಂ ಟ್ಯಾಂಕು ಹಾಕುವುದು. ಇದರಲ್ಲೂ ಒಂದು ತೊಡಕಿದೆ. ಕರಗಿದ ಅಲ್ಯೂಮಿನಿಯಂ ಮಾಯವಾಗುವುದಿಲ್ಲ, ನುಣ್ಣನೆ ಪುಡಿಯಾಗಿ ಮೇಲೇ ಉಳಿಯುತ್ತದೆ. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ಎತ್ತರಕ್ಕೆ ಹೋಗಿ ಗಾಳಿಯ ಕಣಗಳನ್ನು ಪರೀಕ್ಷಿಸಿದರು. ಅಲ್ಲಿನ ದೊಡ್ಡ ಗಂಧಕಾಮ್ಲದ ಕಣಗಳಲ್ಲಿ ಶೇ 10ರಷ್ಟರಲ್ಲಿ ಉಪಗ್ರಹ, ರಾಕೆಟ್‌ಗಳ ಲೋಹ ಸಿಕ್ಕಿತು ಎಂದು 2023ರಲ್ಲಿ ವರದಿ ಮಾಡಿದರು. ಓಜೋನ್ ಇರುವುದೂ ಅದೇ ಪದರದಲ್ಲಿ.

ಇದನ್ನೇ ಯೋಚಿಸಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದವರು ಮರದ ಉಪಗ್ರಹ ಮಾಡಿದ್ದಾರೆ. ಹೆಸರು ಲಿಗ್ನೊಸ್ಯಾಟ್. ಮ್ಯಾಗ್ನೋಲಿಯಾ ಮರದ, 10 ಸೆಂಟಿಮೀಟರಿನ ಪೆಟ್ಟಿಗೆ. ಹೊರಕವಚಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಹಲಗೆಗಳನ್ನು ಬಡಗಿಗಳ ಹಳೇ ಪದ್ಧತಿಯಲ್ಲಿ ಒಂದಕ್ಕೊಂದು ಕಚ್ಚಿಸಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಅದನ್ನು ಬಾಹ್ಯಾಕಾಶ ನಿಲ್ದಾಣದಿಂದ ಕಕ್ಷೆಗೆ ಬಿಟ್ಟರು. ಕೆಳಗೆ ಬೀಳುವಾಗ ಇಂಥ ಹಲಗೆಗಳು ಮರ ಸುಡುವ ಹಾಗೆ ಸುಟ್ಟುಹೋಗುತ್ತವೆ.