ಗೇಟಿಗೂ ಬ್ರೇಸ್, ಕೈಗೂ ಬ್ರೇಸ್

ಪ್ರಶ್ನೆ: ನಾನೇ ಮಾಡಿದ ಮರದ ಗೇಟಿಗೆ ಓರೆಪಟ್ಟಿ, ಅಂದರೆ ಬ್ರೇಸ್, ಹೊಡೆದಿದ್ದೇನೆ. ಆದರೂ ಚಿಲಕದ ಕಡೆ ಜೋತುಬಿದ್ದು ನೆಲ ಕೆರೆಯುತ್ತಿದೆ. ಆ ಕೆಲಸ ಮಾಡಿದಾಗಿನಿಂದ ರಾತ್ರಿ ಬಲಗೈ ಬೆರಳುಗಳು ಜೋಮು ಹಿಡಿಯುತ್ತವೆ. ಕೈಗೂ ಬ್ರೇಸ್ (ಆಸರೆಯ ಪಟ್ಟಿ) ಹಾಕು ಅನ್ನುತ್ತಾರೆ. ಎಷ್ಟೊಂದು ಥರ ಇವೆ, ಯಾವುದು ಸರಿ?

ಉತ್ತರ: ಓರೆಪಟ್ಟಿಯ ಕೆಳತುದಿ ಯಾವ ಕಡೆ ಇದೆ ನೋಡಿ. ಚಿಲಕದ ಕಡೆ ಇದ್ದರೆ ತಪ್ಪು ಅಲ್ಲೇ ಇದೆ. ಅದು ಕೆಳಗಿನ ಬಿಜಾಗರಿಯ ಹತ್ತಿರ ಊರಿರಬೇಕು, ಮೇಲ್ತುದಿ ಚಿಲಕದ ಕಡೆಯ ಮೂಲೆಗೆ ಹೋಗಬೇಕು. ಆಗ ಗೇಟಿನ ಭಾರ ಪಟ್ಟಿಯನ್ನು ಒತ್ತಿ ಬಿಜಾಗರಿಗೆ ಇಳಿಯುತ್ತದೆ. ಉಲ್ಟಾ ಹೊಡೆದರೆ ಪಟ್ಟಿ ಎಳೆತಕ್ಕೆ ಸಿಕ್ಕಿ, ಭಾರವೆಲ್ಲ ಮೊಳೆಗಳ ಮೇಲೆ ಬೀಳುತ್ತದೆ. ಪಟ್ಟಿಯ ತುದಿ ಅಡ್ಡಪಟ್ಟಿಗೆ ಸಂದಿಲ್ಲದೆ ಕೂರಬೇಕು. ಬಡಗಿ ಕೆಲಸ ಕಲಿಯುವಾಗ ನಾನು ಅಲ್ಲಿ ಕಾಗದದ ಚೂರು ತೂರಿಸಿ ನೋಡುತ್ತಿದ್ದೆ. ತೂರಿದರೆ ಮತ್ತೆ ಕೆತ್ತುತ್ತಿದ್ದೆ.

ಮರದ ಪಟ್ಟಿಯ ಬದಲು ತಂತಿ ಬಿಗಿಯುವುದಾದರೆ ಮಾತ್ರ ಅದು ಮೇಲಿನ ಬಿಜಾಗರಿಯಿಂದ ಚಿಲಕದ ಕಡೆಯ ಕೆಳಮೂಲೆಗೆ ಹೋಗಬೇಕು. ತಂತಿ ಎಳೆಯಬಲ್ಲದು, ಒತ್ತಿದರೆ ಬಗ್ಗುತ್ತದೆ, ಅಲ್ವಾ? ಸ್ಟೀಲ್ ಕಟ್ಟಡಗಳಲ್ಲಿ ತೆಳು ಸರಳುಗಳನ್ನು ಕತ್ತರಿಯ ಹಾಗೆ ಎರಡೂ ಕಡೆ ಹಾಕುವುದು ಇದಕ್ಕೇ. ಗಾಳಿ ಎಡದಿಂದ ನೂಕಿದರೆ ಒಂದು ಬಿಗಿಯುತ್ತದೆ, ಬಲದಿಂದ ನೂಕಿದರೆ ಇನ್ನೊಂದು. ಕಂಬ, ತೊಲೆ ಸೇರುವಲ್ಲಿ ಸಾಮಾನ್ಯವಾಗಿ 45 ಡಿಗ್ರಿಗೆ ಕೂರಿಸುವ ಗಿಡ್ಡ ತುಂಡೂ ಬ್ರೇಸೇ.

ಇನ್ನು ಕೈ. ಜೋಮು ಹಿಡಿಯುವುದು ಯಾವ ಬೆರಳು ಅಂತ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆಗಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಇದನ್ನು ಕಾರ್ಪಲ್ ಟನಲ್ ಅನ್ನುತ್ತಾರೆ. ನನಗೂ ಇದೇ ಆಗಿತ್ತು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡರೆ ನರದ ಮೇಲಿನ ಒತ್ತಡ ಜಾಸ್ತಿಯಾಗುತ್ತದೆ. ಅದಕ್ಕೇ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಬ್ರೇಸ್ ರಾತ್ರಿ ಬೇಕು. ನಾನು ತಂದಿದ್ದರಲ್ಲಿ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಗ್ಗಿಸುತ್ತಿತ್ತು. ಫಿಸಿಯೋಥೆರಪಿಸ್ಟ್ ಅದನ್ನು ಹೊರತೆಗೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿಕೊಟ್ಟರು. ಆಮೇಲೆ ನಡುರಾತ್ರಿ ಎದ್ದು ಕೈ ಕೊಡವುವುದು ಕಡಿಮೆಯಾಯಿತು.

ಹೆಬ್ಬೆರಳ ಬುಡದಲ್ಲಿ ನೋವಿದ್ದರೆ ಹೆಬ್ಬೆರಳನ್ನೂ ಹಿಡಿಯುವ ಬ್ರೇಸ್ ಬೇಕಾಗುತ್ತದೆ. ಮೊಣಕೈ ಹೊರಬದಿಯ ನೋವಿಗೆ ಕೊಡುವ ಪಟ್ಟಿಯೇ ಬೇರೆ, ಅದನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ಕಟ್ಟುತ್ತಾರೆ.

ಯಾವುದೇ ಇರಲಿ, ತುಂಬಾ ಬಿಗಿ ಕಟ್ಟಬೇಡಿ. ಮಣಿಕಟ್ಟಿನ ಬ್ರೇಸ್ ಹಾಕಿಕೊಂಡಾಗ ಬೆರಳು ಪೂರ್ತಿ ಮಡಚಲು ಬರಬೇಕು. ಸುಮ್ನೆ ದಿನವಿಡೀ ಹಾಕಿಕೊಂಡಿದ್ದರೆ ಕೀಲು ಬಿಗಿಯುತ್ತದೆ. ಹಿಡಿದ ವಸ್ತು ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡದ ದಪ್ಪ ಭಾಗ ಸೊರಗಿದ್ದರೆ ಬ್ರೇಸ್ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಗೇಟಿನ ಪಟ್ಟಿಯನ್ನು ಈ ಸಲ ಬೇರೆಯವರ ಕೈಲಿ ತಿರುಗಿಸಿ ಹೊಡೆಸಿ.